ಮೂರನೇ ಉಬ್ಬು

ಅಕ್ಸ್‌ಬ್ರಿಡ್ಜ್‌ನಲ್ಲಿ ಲಂಡನ್ನಿನ ಟ್ಯೂಬ್ ರೈಲು ಹತ್ತಿ ನಾಲ್ಕು ಸ್ಟೇಷನ್ ಕಳೆದ ಮೇಲೆ, ತೊಡೆಯ ಮೇಲಿಟ್ಟುಕೊಂಡ ಜೋಳದ ಹಿಟ್ಟಿನ ಚೀಲ ಮೂಲೆಯಲ್ಲಿ ಹರಿದಿದೆಯೆಂದು ಅಚಿಂತ್ಯನಿಗೆ ಗೊತ್ತಾಯಿತು. ಕಪ್ಪು ಪ್ಯಾಂಟಿನ ಮೇಲೆ, ತೊಡೆಯಿಂದ ಮೊಣಕಾಲಿನವರೆಗೆ, ಬಿಳಿಯದೊಂದು ಇಳಿಜಾರು ಹುಟ್ಟಿಕೊಂಡಿತ್ತು. ಒರೆಸಿದ. ಹೋಗಲಿಲ್ಲ, ಹರಡಿತು. ಎದುರು ಕೂತಿದ್ದ ಹೆಂಗಸು ತನ್ನ ಬ್ಯಾಗಿನಿಂದ ಟಿಶ್ಯೂ ತೆಗೆದು ಕೊಡಲೋ ಬೇಡವೋ ಎಂದು ಯೋಚಿಸಿ, ಬೇಡವೆಂದು ತೀರ್ಮಾನಿಸಿದ್ದು ಅವಳ ಮುಖದಲ್ಲೇ ಕಾಣಿಸಿತು. ಗಂಟೆಗೆ ನೂರಮೂವತ್ತು ಕಿಲೋಮೀಟರ್ ವೇಗದಲ್ಲಿ ಹಿಮದ ಬೆಟ್ಟ ಇಳಿಯುವವನು, ದೇಶದ ಡೌನ್‌ಹಿಲ್ ತಂಡದ ನಾಲ್ವರಲ್ಲಿ ಒಬ್ಬನು, ಒಂದು ಕಿಲೋ ಹಿಟ್ಟನ್ನು ನೆಟ್ಟಗೆ ಹಿಡಿದು ಕೂರಲಾರದವನು. ಚೀಲವನ್ನು ತಲೆಕೆಳಗು ಮಾಡಿ ಹರಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಮೊಬೈಲು. ಅದರಲ್ಲಿ ಆ ಮೇಲ್ ಇನ್ನೂ ತೆರೆದೇ ಇತ್ತು. ಅಪಘಾತದ ವಿಚಾರಣೆ ನಡೆಸುತ್ತಿದ್ದವರ ಕಾರ್ಯದರ್ಶಿ, ಬಲು ಸಭ್ಯ ಹೆಂಗಸು, ಬರೆದಿದ್ದಳು: ನಿಮ್ಮ ತಂಡದ ಶಮಂತ್ ಬೀಳುವುದಕ್ಕೆ ಮುಂಚಿನ ರೇಡಿಯೋ ಮಾತುಗಳಲ್ಲಿ ಹದಿನಾಲ್ಕು ಸೆಕೆಂಡು ಇಂಗ್ಲಿಷ್ ಅಲ್ಲದ ಭಾಷೆಯಲ್ಲಿದೆ, ಮಾತಾಡಿದವರು ನೀವಾದ್ದರಿಂದ ಅದರ ಇಂಗ್ಲಿಷನ್ನು ನೀವೇ ಬರೆದು ಇವತ್ತು ಸಂಜೆ ಐದರೊಳಗೆ ಕಳಿಸಿದರೆ ಫೈಲು ಮುಚ್ಚಲು ಅನುಕೂಲ. ಜೊತೆಗಿದ್ದ ಕಾಗದದಲ್ಲಿ ಆ ಹದಿನಾಲ್ಕು ಸೆಕೆಂಡಿನ ಎದುರು ಯಾರೋ ಎರಡೇ ಪದ ಟೈಪ್ ಮಾಡಿದ್ದರು. ಅಸ್ಪಷ್ಟ. ನಗು.

ಉತ್ತರ ಅವನು ಬೆಳಿಗ್ಗೆಯೇ ಬರೆದಿಟ್ಟಿದ್ದ. ಬೆಳಕು ಮಂಕಾಗಿದೆ, ಮೂರನೇ ಉಬ್ಬಿನ ಆಚೆ ಗಟ್ಟಿ ಹಿಮ, ಹುಷಾರಾಗಿ ಬಾ. ಒಳ್ಳೆಯ ಇಂಗ್ಲಿಷು, ಅಲ್ಪವಿರಾಮಗಳು ಕೂಡ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಕೋಚ್‌ಗೆ ಕನ್ನಡ ಬಾರದು, ತಂಡದ ಉಳಿದಿಬ್ಬರಿಗೆ ಬಾರದು, ಶಮಂತ್‌ಗೆ ಆ ದಿನದ ಬೆಳಗಿನ ತಿಂಡಿಯೂ ನೆನಪಿಲ್ಲ. ಲೋಕದಲ್ಲಿ ಆ ಹದಿನಾಲ್ಕು ಸೆಕೆಂಡಿನ ಅರ್ಥ ಗೊತ್ತಿರುವವನು ಅವನೊಬ್ಬನೇ. ಇಷ್ಟು ಏಕಾಂತ ಅವನಿಗೆ ಬೆಟ್ಟದ ತುದಿಯ ಸ್ಟಾರ್ಟ್ ಗೇಟಿನಲ್ಲೂ ಸಿಕ್ಕಿರಲಿಲ್ಲ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟರೆ ಅಲ್ಲಿ ಹಿಟ್ಟಿನ ಗುರುತು ಬಿತ್ತು. ಒರೆಸಿದ. ಮತ್ತೆ ಬಿತ್ತು.

ಬೆಟ್ಟವೇ ಇಲ್ಲದ ಊರಿನ ಸ್ಕೀ ವೀರರು ಎಂದು ಪತ್ರಿಕೆಯೊಂದು ಅವರನ್ನು ಕರೆದಿತ್ತು. ಸುಳ್ಳಲ್ಲ. ಅವನೂ ಶಮಂತ್‌ನೂ ಕಲಿತದ್ದು ಪಶ್ಚಿಮ ಲಂಡನ್ನಿನ ಒಂದು ಪ್ಲಾಸ್ಟಿಕ್ ಇಳಿಜಾರಿನಲ್ಲಿ. ಹಲ್ಲುಜ್ಜುವ ಬ್ರಶ್ಶನ್ನು ಎಕರೆಗಟ್ಟಲೆ ಹಾಸಿದ ಹಾಗಿದ್ದ ಜಾಗ, ಮೇಲೆ ಚಿಮುಕಿಸುವ ನೀರು, ಒದ್ದೆ ಪ್ಲಾಸ್ಟಿಕ್ಕಿನ ವಾಸನೆ, ಬಿದ್ದರೆ ಜಾಲರಿಯ ಕಂಡಿಯಲ್ಲಿ ಸಿಕ್ಕು ಮುರಿಯುವ ಹೆಬ್ಬೆರಳು. ಇಬ್ಬರ ಹೆಬ್ಬೆರಳೂ ಮುರಿದಿತ್ತು, ಒಂದೇ ವಾರದಲ್ಲಿ. ಶಮಂತ್‌ನ ಅಮ್ಮ ವೈದೇಹಿ, ಧಾರವಾಡದ ಕಡೆಯವರು, ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನ ಡಾಕ್ಟರು, ಎರಡು ಬ್ಯಾಂಡೇಜನ್ನೂ ನೋಡಿ, 'ದ್ರೋಣಾಚಾರ್ಯರು ಯಾರಪಾ ನಿಮಗ?' ಎಂದಿದ್ದರು. ಆಗ ಅವನು ಬಹಳ ನಕ್ಕಿದ್ದ. ನಗುವುದು, ನಗಿಸುವುದು ಅವನ ಕಸುಬು. ಹಿಮಕ್ಕೂ ಹಮ್ಮಿಗೂ ಇರುವುದು ಗುಣಿತ, ಒತ್ತುಗಳಷ್ಟೇ ವ್ಯತ್ಯಾಸ ಎಂದು ಅವನೇ ಒಮ್ಮೆ ಹೇಳಿದ್ದ, ಕನ್ನಡ ಓದಲು ಬಾರದ ಶಮಂತ್‌ಗೆ ಅದನ್ನು ವಿವರಿಸುವುದರಲ್ಲಿ ಚೇರ್‌ಲಿಫ್ಟು ತುದಿ ಮುಟ್ಟಿತ್ತು.

ವೆಂಬ್ಲಿ ಪಾರ್ಕಿನಲ್ಲಿ ಇಳಿದು ಎದುರು ಪ್ಲಾಟ್‌ಫಾರ್ಮಿಗೆ ನಡೆಯುವಾಗ ಮೈಕಿನ ಹೆಂಗಸು ಅಂತರ ಗಮನಿಸಿ ಎಂದಳು. ಅವನ ಗಂಟಲು ತಾನೇ ಅವಳನ್ನು ಅನುಕರಿಸಿತು, ಮೆಲ್ಲಗೆ, ತುಟಿಯೊಳಗೆ. ಹೀಗೆಯೇ ಆಗುವುದು. ಕೇಳಿದ ದನಿಯೆಲ್ಲ ಅವನೊಳಗೆ ಬಾಡಿಗೆಯಿಲ್ಲದೆ ಉಳಿದುಬಿಡುತ್ತದೆ. ಸ್ಕಾಟ್ಲೆಂಡಿನ ಕೋಚ್ ಗಂಟಲಲ್ಲಿ ಜಲ್ಲಿ ಅರೆಯುವುದು, ಸೌತ್‌ಹಾಲ್‌ನ ಅಂಗಡಿಯವನು ಇನ್ನೇನು ಬೇಕೆಂದು ಹತ್ತಿ ಇಳಿಯುವ ರಾಗದಲ್ಲಿ 'ಹೋರ್ ಕುಛ್' ಎನ್ನುವುದು, ಅವನ ಸ್ವಂತ ಅಪ್ಪ ಬೆಂಗಳೂರಿನ ಫೋನುಗಳಿಗಾಗಿಯೇ ಇಟ್ಟುಕೊಂಡಿರುವ ಗಟ್ಟಿ ದನಿ. ತನ್ನದೇ ದನಿ ಯಾವುದೆಂದು ಯಾರಾದರೂ ಕೇಳಿದ್ದರೆ ಹುಡುಕಬೇಕಾಗುತ್ತಿತ್ತು. ಯಾರೂ ಕೇಳಿರಲಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ವೈದೇಹಿ ಆಂಟಿಯ ದನಿ. ಅದರಿಂದಲೇ ರೇಡಿಯೋದ ಕನ್ನಡ ಶುರುವಾದದ್ದು. ಡೌನ್‌ಹಿಲ್‌ನಲ್ಲಿ ಮೊದಲು ಇಳಿದವನು ಕೆಳಗಿನಿಂದ, ಮೇಲೆ ಸ್ಟಾರ್ಟಿನಲ್ಲಿ ಕಾಯುತ್ತಿರುವ ತನ್ನ ತಂಡದವನಿಗೆ ದಾರಿಯ ವರದಿ ಕೊಡಬೇಕು: ಎಲ್ಲಿ ಗಟ್ಟಿ, ಎಲ್ಲಿ ಮೆದು, ಎಲ್ಲಿ ಗಾಳಿ. ಪಕ್ಕದ ದೇಶದವರು ಆ ವರದಿ ಕದ್ದು ಕೇಳುತ್ತಾರೆಂದು ಕೋಚ್‌ಗೆ ಅನುಮಾನ. ಹಾಗಾದರೆ ಕನ್ನಡದಲ್ಲಿ ಹೇಳುತ್ತೇನೆ ಎಂದ ಅಚಿಂತ್ಯ. ದೇಹವನ್ನು ಉಂಡೆ ಕಟ್ಟಿ ಗಾಳಿ ಸೀಳಿ ಇಳಿಯುವ ಭಂಗಿಗೆ ಮುದ್ದೆ, ಕನ್ನಡಿಯಂಥ ಹಿಮಕ್ಕೆ ಗಾಜು, ಮುಂದೇನಿದೆ ಎಂದು ಕಾಣದ ದಿಬ್ಬಕ್ಕೆ ಉಬ್ಬು. ಕನ್ನಡ ಅರ್ಥವಾಗುವ ಆದರೆ ಆಡದ ಶಮಂತ್ ಮೇಲಿನಿಂದ ಗುಂಡಿ ಒತ್ತುತ್ತಿದ್ದ. ಎರಡು ಸಲ ಟಕ್ ಟಕ್ ಎಂದರೆ ಕೇಳಿಸಿತು. ಒಂದೇ ಸಲ ಟಕ್ ಎಂದರೆ ಮತ್ತೊಮ್ಮೆ ಹೇಳು. ವರದಿಯನ್ನು ಅವನಮ್ಮನ ದನಿಯಲ್ಲಿ, ಧಾರವಾಡದ ಮಾತಿನಲ್ಲಿ ಕೊಟ್ಟರೆ ಹುಡುಗ ಸ್ಟಾರ್ಟಿನಲ್ಲಿ ನಗುತ್ತಾನೆ, ನಕ್ಕರೆ ಭುಜ ಸಡಿಲವಾಗುತ್ತದೆ, ಭುಜ ಸಡಿಲವಾದವನು ಚೆನ್ನಾಗಿ ಇಳಿಯುತ್ತಾನೆ. ಕೋಚ್ ಒಪ್ಪಿದ. ಫಲಿತಾಂಶವೂ ಒಪ್ಪಿತು.

ಕಿಂಗ್ಸ್‌ಬರಿಯ ಫ್ಲಾಟಿನ ಲಿಫ್ಟು ಈಗಷ್ಟೇ ರಿಪೇರಿಯಾಗಿತ್ತು. ಐದು ವಾರ ಕೌನ್ಸಿಲ್‌ಗೆ ಫೋನು ಮಾಡಿ ಮಾಡಿ ಸಾಕಾಯಿತೆಂದು ಬಾಗಿಲು ತೆರೆಯುತ್ತಲೇ ವೈದೇಹಿ ಹೇಳಿದರು, ನಮಸ್ಕಾರಕ್ಕೆ ಬದಲು. 'ಬಾರಪಾ ಅಚಿಂತ್ಯಾ. ಬಾ. ಏನಿದು, ಹಿಟ್ಟಿನ ಗಿರಣಿಯೊಳಗ ಬಿದ್ದೇನು?'

'ಚೀಲ ಹರಿದಿತ್ತು ಆಂಟಿ. ಅರ್ಧ ಹಿಟ್ಟು ಮೆಟ್ರೋಪಾಲಿಟನ್ ಲೈನಿಗೆ ದಾನ.'

'ಉಳದದ್ದು ಸಾಕು. ಶಮ್ಮೂ, ನೋಡೋ ಯಾರ ಬಂದಾರ.'

ಶಮಂತ್ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದ. ಏಳು ವಾರದಲ್ಲಿ ತೊಡೆಗಳು ಕರಗಿದ್ದವು. ಒಂದು ಕಾಲದಲ್ಲಿ ಅವನ ಅಳತೆಯ ಜೀನ್ಸು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ, ಈಗ ಟ್ರ್ಯಾಕ್ ಪ್ಯಾಂಟಿನೊಳಗೆ ಎರಡು ಕೋಲು. ಮುರಿದ ಸೊಂಟ ಕೂಡುತ್ತದೆ ಅಂದಿದ್ದರು. ತಲೆಯ ಪೆಟ್ಟಿನ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಅವನು ನಿಧಾನವಾಗಿ ತಿರುಗಿ, ಇನ್ನೂ ನಿಧಾನವಾಗಿ ಮುಗುಳ್ನಕ್ಕ. ಮಾತು ಬರುವ ಮುಂಚೆ ತುಟಿ ಒಂದೆರಡು ಸಲ ಜಾಗ ಹುಡುಕಿತು. 'ಆಲ್‌ರೈಟ್, ಮೇಟ್?'

'ಆಲ್‌ರೈಟ್,' ಎಂದ ಅಚಿಂತ್ಯ. ಕೈ ಕೊಡಬೇಕೆಂದು ಮುಂದೆ ಹೋದವನು ಕೈಗೆ ಹಿಟ್ಟಾಗಿದೆಯೆಂದು ಹಿಂದೆಗೆದ. ಹಿಟ್ಟು ಒಂದು ನೆಪವಾಗಿ ಒದಗಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗೋಡೆಯ ಗಡಿಯಾರದಲ್ಲಿ ಮೂರೂವರೆ.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಟಪ್ ಟಪ್, ಟಪ್ ಟಪ್. ಎರಡೆರಡಾಗಿ ಬೀಳುತ್ತಿದ್ದ ಆ ಸದ್ದು ಅವನಿಗೆ ರೇಡಿಯೋದ ಟಕ್ ಟಕ್ ಅನ್ನಿಸಿತು. ಶಮಂತ್ ಬಿದ್ದ ದಿನ ಮೂವತ್ತೆಂಟನೆಯ ನಂಬರಿನ ಎದೆಪಟ್ಟಿ ತೊಟ್ಟು ಅವನು ಮೊದಲು ಇಳಿದದ್ದು, ಶಮಂತ್‌ನದು ನಲವತ್ತನಾಲ್ಕು. ಬೆಳಿಗ್ಗೆ ಇಬ್ಬರೂ ದಾರಿಯನ್ನು ಅಡ್ಡಡ್ಡಲಾಗಿ ಜಾರುತ್ತ ನೋಡಿ, ಬಾಯಿಪಾಠ ಮಾಡಿ, ಕಣ್ಣು ಮುಚ್ಚಿ ಗಾಳಿಯಲ್ಲಿ ಕೈಯಾಡಿಸಿ ತಿರುವುಗಳನ್ನೆಲ್ಲ ಒಪ್ಪಿಸಿದ್ದರು. ಮೂರನೇ ಉಬ್ಬಿನ ಮೇಲೆ ಮುಂದಿನದು ಕಾಣುವುದಿಲ್ಲ, ಬಲಗಡೆ ಬೇಲಿಯ ಕೆಂಪು ಕಂಬವನ್ನೇ ನಂಬಿ ಹಾರಬೇಕು. ಅವನು ಇಳಿಯುವ ಹೊತ್ತಿಗೆ ಮಂಜು ಬಂದಿತ್ತು. ಕೆಂಪು ಕಂಬ ಇರಲಿಲ್ಲ. ಕಂಬ ಎಲ್ಲಿಯೂ ಹೋಗಿರಲಾರದು, ಅಲ್ಲೇ ಇರುತ್ತದೆ, ಎಂದು ತಲೆ ಹೇಳಿತು. ಆದರೆ ಮೈ ತಾನಾಗಿ ಬಿಚ್ಚಿಕೊಂಡು ಎದ್ದು ನಿಂತಿತು, ಎದೆಯಗಲ ಗಾಳಿ ಹಿಡಿಯಿತು, ವೇಗ ಮುರಿಯಿತು. ಎದ್ದು ನಿಂತದ್ದರಿಂದಲೇ ಅವನು ಆಚೆ ಬದಿಯ ಗಾಜಿನ ಮೇಲೆ, ಯಾರದೋ ಸ್ಕೀ ಕೊರೆದ ಹಳ್ಳದ ಪಕ್ಕದಲ್ಲಿ ಗಡಗಡ ನಡುಗಿ, ಬೀಳದೆ ಉಳಿದ. ಅರ್ಧ ಸೆಕೆಂಡು. ಯಾರಿಗೂ ಕಾಣಲಿಲ್ಲ. ಕೋಚ್ ಮೇಲಿನ ತಿರುವಿನಲ್ಲಿದ್ದ, ಉಳಿದದ್ದನ್ನು ಮಂಜು ಮುಚ್ಚಿತ್ತು.

'ತಮ್ಮಾ, ನಿಮ್ಮ ವಿಚಾರಣೆ ಮುಗದದೇನು?' ವೈದೇಹಿ ಒಳಗಿನಿಂದಲೇ ಕೂಗಿದರು.

'ಇವತ್ತು ಮುಗಿಯತ್ತೆ ಆಂಟಿ. ನನ್ನದೊಂದು... ಒಂದು ಕಾಗದ ಬಾಕಿ ಇದೆ.'

'ಮುಗೀಲಿ ಬಿಡು. ಯಾರ ತಪ್ಪಂತ ಬರದರ ಇವನ ಎಲುಬು ಕೂಡತದೇನು? ನನಗ ಒಂದಽ ಅನಸತದ ನೋಡು. ಇವ ಅಷ್ಟು ಜೋರ ಯಾಕ ಬಂದ? ಸಣ್ಣಾಂವ ಇದ್ದಾಗಿಂದ ಹುಷಾರ ಹುಡುಗ. ಹಾಲು ಸುಡತದ ಅಂದರ ಒಂದ ತಾಸು ಮುಟ್ತಿದ್ದಿಲ್ಲ.'

'ಮಾಮ್, ಪ್ಲೀಸ್,' ಎಂದ ಶಮಂತ್.

'ಪ್ಲೀಸ್ ಏನೋ? ಇದ್ದದ್ದು ಹೇಳ್ತೀನಿ.'

ಅಚಿಂತ್ಯ ಫ್ರಿಜ್ಜಿನ ಮೇಲಿನ ಫೋಟೋಗಳನ್ನು ನೋಡತೊಡಗಿದ. ನೋಡಬಾರದಿತ್ತು. ಮೂರು ಫೋಟೋ, ಮೂವರು ಹುಡುಗರು, ಮೂರು ಬೇರೆ ಬೇರೆ ಊರಿನ ಹೋಟೆಲಿನ ಊಟದ ಮೇಜು. ಮೂವರ ತಲೆಯ ಮೇಲೂ ಅದೇ ಕುಲಾವಿ. ಕುಂಕುಮ ಬಣ್ಣದ ಉಲ್ಲನ್ನಿನದು, ಕಿವಿ ಮುಚ್ಚಿ ಗದ್ದದ ಕೆಳಗೆ ದಾರ ಕಟ್ಟುವಂಥದು. ವೈದೇಹಿ ಮಗನಿಗೆಂದು ಹೆಣೆದು ಕಳಿಸಿದ್ದು. ತಂಡದವರ ಕೈಗೆ ಸಿಕ್ಕು ಅದು ಕಾನೂನಾಗಿತ್ತು: ಯಾವನು ಉಬ್ಬಿನ ಮುಂದೆ ಹೆದರಿ ಎದ್ದು ನಿಲ್ಲುತ್ತಾನೋ ಅವನು ಆ ದಿನದ ಊಟಕ್ಕೆ ಅದನ್ನು ಹಾಕಿಕೊಂಡು ಬರಬೇಕು, ಬಡಿಸುವ ಹುಡುಗಿಯ ಮುಂದೆ ದಾರ ಬಿಚ್ಚಬಾರದು. ಹಾಕಿಕೊಂಡವನ ಫೋಟೋ ತೆಗೆದು ಎಲ್ಲರಿಗೂ ಕಳಿಸುವುದು. ಶಮಂತ್ ಅದನ್ನು ಅಮ್ಮನಿಗೂ ಕಳಿಸುತ್ತಿದ್ದ, ಬೇರೇನೂ ಹೇಳದೆ. ಆ ಕಾನೂನಿನ ಮಾತುಗಳನ್ನು ಬರೆದವನು ಅಚಿಂತ್ಯ, ಹೈಕೋರ್ಟಿನ ಜಡ್ಜಿನ ದನಿಯಲ್ಲಿ ಓದಿ ಹೇಳಿದವನೂ ಅವನೇ. ಎರಡು ವರ್ಷದಲ್ಲಿ ಒಂದು ಸಲವೂ ಅದನ್ನು ಹಾಕಿಕೊಳ್ಳದವನು ತಂಡದಲ್ಲಿ ಅವನೊಬ್ಬನೇ.

ಅದಕ್ಕೇ. ಅಷ್ಟಕ್ಕೇ. ಒಂದು ಉಲ್ಲನ್ನಿನ ಟೋಪಿಗೆ. ಕೆಳಗೆ ಬಂದು ನಿಂತಾಗ ಯಾರೋ ಕೈಗೆ ರೇಡಿಯೋ ಕೊಟ್ಟರು. ಮೂರನೇ ಉಬ್ಬಿನ ಮುಂಚೆ ಏಳು, ಆಚೆ ಗಾಜಿದೆ ಎನ್ನಬೇಕು. ಏಳು ಎಂದರೆ, ನೀನು ಎದ್ದೆಯಾ ಎಂದು ಕೇಳುತ್ತಾನೆ. ಸಂಜೆ ಕುಲಾವಿ. ಬಾಯಿ ತೆರೆದಾಗ ಬಂದದ್ದು ವೈದೇಹಿಯ ದನಿ, ಬೇರೆ ಯಾವ ದನಿಯೂ ಅಷ್ಟು ಧೈರ್ಯವಾಗಿ ಬರುತ್ತಿರಲಿಲ್ಲ. ‘ಏನ ಹೆದರಬ್ಯಾಡೋ ತಮ್ಮಾ, ಮುದ್ದಿ ಬಿಚ್ಚಬ್ಯಾಡ, ಮೂರನೇದರಾಗ ಸೀದಾ ಬಾ, ನಾ ಅದೀನಲ್ಲ.’ ಸುತ್ತ ನಿಂತವರು ಅರ್ಥವಾಗದೆಯೂ ನಕ್ಕರು. ಮೇಲಿನಿಂದ ಒಂದೇ ಸಲ ಟಕ್ ಎಂದಿತು. ಗಾಳಿಯಲ್ಲಿ ಕೇಳಿಸಿರಲಿಲ್ಲ. ಮತ್ತೊಮ್ಮೆ ಹೇಳು. ದೇವರು ಅಷ್ಟು ಸ್ಪಷ್ಟವಾಗಿ ಎರಡನೇ ಅವಕಾಶ ಕೊಡುವುದು ಎಷ್ಟು ಜನಕ್ಕೆ? ಅವನು ಅದೇ ಮಾತನ್ನು ಇನ್ನಷ್ಟು ಜೋರಾಗಿ, ಇನ್ನಷ್ಟು ಧಾರವಾಡವಾಗಿ ಹೇಳಿದ. ಟಕ್ ಟಕ್. ಹನ್ನೆರಡು ನಿಮಿಷದ ಮೇಲೆ ಹೆಲಿಕಾಪ್ಟರ್ ಕರೆದರು. ಆ ಸಂಜೆ ಊಟದ ಮೇಜಿಗೆ ಯಾರೂ ಬರಲಿಲ್ಲ, ಕುಲಾವಿಯನ್ನು ಯಾರೂ ಕೇಳಲಿಲ್ಲ.

'ಏನ ನೋಡ್ಲಿಕ್ಕತ್ತೀ?' ವೈದೇಹಿ ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ನಿಂತಿದ್ದರು. 'ಛಂದ ಅದಾವಲ್ಲಾ? ಆ ಬಿಳೀ ಹುಡುಗರೂ ಎಷ್ಟ ಪ್ರೀತಿಲೆ ಹಾಕ್ಕೊಂಡಾರ ನೋಡು, ಪಾಳಿ ಮ್ಯಾಲೆ. ವಾರ್ಡಿನ್ಯಾಗ ನರ್ಸಮ್ಮಗಳಿಗೆಲ್ಲಾ ತೋರ್ಸೀನಿ. ನೀ ಒಬ್ಬನಽ ಇಲ್ಲ. ನಿನಗ ಸೇರಲಿಲ್ಲೇನು?'

'ಹಾಗೇನಿಲ್ಲ ಆಂಟಿ.'

'ಮತ್ತ?'

'ನನ್ನ... ನನ್ನ ಸರದಿ ಬಂದಿರಲಿಲ್ಲ.'

ಶಮಂತ್ ಕಿಟಕಿಯಿಂದ ಹುಬ್ಬೆತ್ತಿ ಅವನನ್ನು ನೋಡಿದ. ಆ ನೋಟದಲ್ಲಿ ಹಳೆಯ ತುಂಟತನದ ಒಂದು ಎಳೆ ಇತ್ತು, ಗುಟ್ಟನ್ನು ಅಮ್ಮನೆದುರು ಕಾಯ್ದುಕೊಳ್ಳುವವನದು. 'ಹೀ ನೆವರ್ ಲೂಸಸ್ ಇಟ್, ಮಾಮ್,' ಎಂದ ತಡೆದು ತಡೆದು, ಹೆಮ್ಮೆಯಿಂದಲೇ. ಅಚಿಂತ್ಯ ಹೆದರುವುದಿಲ್ಲ. ಅದು ಅವನಿಗೆ ನೆನಪಿತ್ತು. ಆ ದಿನವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ನೆನಪಿತ್ತು, ಮತ್ತು ಆ ಉಳಿದದ್ದರಲ್ಲಿ ಅಚಿಂತ್ಯ ಬಹಳ ಒಳ್ಳೆಯವನಾಗಿದ್ದ.

ತಟ್ಟೆ ಬಂತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಶಮಂತ್‌ಗೆ ರೊಟ್ಟಿ ಮುರಿಯಲು ಎರಡು ಕೈ ಒಟ್ಟಿಗೆ ಬರುತ್ತಿರಲಿಲ್ಲ. ವೈದೇಹಿ ಮುರಿದು ಕೊಟ್ಟರು, ಅವನು ಅಚಿಂತ್ಯನ ಎದುರು ಅದನ್ನು ಬಾಯಿಗಿಟ್ಟುಕೊಳ್ಳುವಾಗ ಕಣ್ಣು ತಗ್ಗಿಸಿದ. ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಜೇಬಿನಲ್ಲಿ ಮೊಬೈಲು ತೊಡೆಗೆ ಒತ್ತುತ್ತಿತ್ತು.

'ಅಚಿಂತ್ಯಾ,' ವೈದೇಹಿ ದನಿ ತಗ್ಗಿಸಿದರು, ಮಗ ಎದುರಿಗೇ ಇದ್ದರೂ. 'ಏಳ ವಾರ ಆತು, ಇಂವ ನಕ್ಕಿಲ್ಲಪಾ. ಖರೇ ನಗು. ನೀ ಏನರೆ ಮಾಡು. ಆ ನಿಮ್ಮ ಕೋಚಂದು ಮಾಡು.'

ಕೋಚ್‌ನ ದನಿ ಮಾಡಿದ. ಜಲ್ಲಿ ಅರೆಯಿತು. ಶಮಂತ್‌ನ ತುಟಿ ಒಂದು ಬದಿಗೆ ಎದ್ದಿತು. ಟ್ಯೂಬಿನ ಹೆಂಗಸನ್ನು ಮಾಡಿದ, ಲಿಫ್ಟಿನ ಬಗ್ಗೆ ಕೌನ್ಸಿಲ್‌ನವರು ಫೋನಿನಲ್ಲಿ ಕಾಯಿಸುವ ಸಂಗೀತ ಮಾಡಿದ. ವೈದೇಹಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. 'ಈಗ ನಂದು ಮಾಡು. ಗೊತ್ತದಪಾ ನನಗ, ಇಂವ ಹೇಳ್ಯಾನ. ಬೆಟ್ಟದ ಮ್ಯಾಲೆ ನಿಂತು ನನ್ನ ದನೀ ಕೇಳ್ಕೋತ ಇಳೀತಿದ್ದಂತ. ನಾ ಒಂದ ಸಲನೂ ಕೇಳಿಲ್ಲ. ಮಾಡು, ಮಾಡು, ಸಿಟ್ಟ ಮಾಡಂಗಿಲ್ಲ.'

ಅವನು ಬಾಯಿ ತೆರೆದ. ದನಿ ಅಲ್ಲೇ ಇತ್ತು, ನಾಲಿಗೆಯ ತುದಿಯಲ್ಲಿ, ಪೂರ್ತಿ ಸಿದ್ಧವಾಗಿ, ಅದರ ರಾಗ, ಅದರ 'ತಮ್ಮಾ', ಅದರ 'ನಾ ಅದೀನಲ್ಲ'. ಆ ದನಿಯಲ್ಲಿ ಈಗ ಉಳಿದಿದ್ದುದು ಆ ಒಂದೇ ಮಾತು, ಬೇರೆ ಯಾವ ಮಾತೂ ಹುಟ್ಟಲಿಲ್ಲ. ಗಂಟಲಿನಿಂದ ಏನೋ ಒಂದು ಗೊರಕೆಯಂಥದು ಬಂತು. 'ನೀರ ಬೇಕೇನು?' ಎಂದರು ವೈದೇಹಿ. ಬೇಡವೆಂದು ತಲೆಯಾಡಿಸಿದ. ಕಲಿತ ವಿದ್ಯೆ ಕೈಕೊಟ್ಟಾಗ ಆಗುವ ಅವಮಾನ ಮೊದಲು ಕಿವಿಗೇ ಬರುತ್ತದೆ, ಕಿವಿ ಕಾದವು. ಐದಕ್ಕೆ ಮುಂಚೆ ಇಲ್ಲಿಂದ ಎದ್ದು ಹೋಗಬಹುದು. ಲಿಫ್ಟು ಇದೆ. ಲಿಫ್ಟಿನೊಳಗೆ ಗುಂಡಿ ಒತ್ತಬಹುದು. ಬೆಳಕು ಮಂಕಾಗಿದೆ, ಹುಷಾರಾಗಿ ಬಾ.

'ಹೋಗ್ಲಿ ಬಿಡು, ನಾಚಿಕಿ ಬಂದದ ಅವಂಗ,' ಎಂದು ವೈದೇಹಿ ಎದ್ದರು. ಒಳಕೋಣೆಯಿಂದ ಬರುವಾಗ ಕೈಯಲ್ಲಿ ಅದಿತ್ತು. 'ಇವನ ಸಾಮಾನಿನ ಜೋಡಿ ಬಂದಿತ್ತು. ಒಗದು ಇಟ್ಟೀನಿ. ಇವಂಗ ಈಗ ತಲಿಗೆ ಏನೂ ತಡೀಯಂಗಿಲ್ಲ. ನೀ ತಗೋ. ನಿನ್ನ ಪಾಳಿ.'

ಕುಲಾವಿ ಹಗುರವಾಗಿತ್ತು. ಸಾಬೂನಿನ ವಾಸನೆ. ಒಗೆದದ್ದಕ್ಕೆ ಕೊಂಚ ಸಣ್ಣದಾಗಿತ್ತೋ ಏನೋ, ತಲೆಗೆ ಎಳೆದುಕೊಳ್ಳುವಾಗ ಕಿವಿಯ ಹತ್ತಿರ ಬಿಗಿಯಿತು. ಅವನು ಅದನ್ನು ಹಾಕಿಕೊಳ್ಳಬೇಕೆಂದು ನಿಶ್ಚಯಿಸಿರಲಿಲ್ಲ. ಉಬ್ಬಿನ ಮೇಲೆ ಮೈ ತಾನಾಗಿ ಎದ್ದು ನಿಂತ ಹಾಗೆಯೇ ಕೈ ತಾನಾಗಿ ಏರಿತ್ತು. ದಾರವನ್ನು ಗದ್ದದ ಕೆಳಗೆ ಕಟ್ಟಿದ. ಗಂಟು ಬಿದ್ದ ಮೇಲೆ ಶಮಂತ್‌ನ ಕಡೆ ತಿರುಗಿದ. ಶಮಂತ್ ಮೊದಲು ನಕ್ಕ. ಖರೇ ನಗು, ಹಲ್ಲು ಕಾಣುವ ಹಾಗೆ, ಅವನಮ್ಮ ಏಳು ವಾರ ಕಾದದ್ದು. ಅಚಿಂತ್ಯ ನಗಲಿಲ್ಲ. ದಾರವನ್ನೂ ಬಿಚ್ಚಲಿಲ್ಲ. ಆ ನಗು ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ನೆಲ ಕಾಣದವನ ಹಾಗೆ ಅತ್ತಿತ್ತ ನೋಡಿತು.

'ವೆನ್?' ಎಂದ ಶಮಂತ್.

'ಅವತ್ತು.'

ಉಳಿದದ್ದನ್ನು ಹೇಳಲು ಅವನು ದನಿ ಹುಡುಕಿದ. ಕೋಚ್ ಬಂದ, ಟ್ಯೂಬಿನ ಹೆಂಗಸು ಬಂದಳು, ಜಡ್ಜು ಬಂದ. ಒಬ್ಬೊಬ್ಬರನ್ನೇ ಕಳಿಸಿದ. ಕೊನೆಗೆ ಉಳಿದದ್ದು ಒಂದು ತೆಳ್ಳನೆಯ, ಒಣಗಿದ, ಬೆಂಗಳೂರಿನದೂ ಲಂಡನ್ನಿನದೂ ಅಲ್ಲದ ದನಿ. ಅದು ಹೇಳಿತು: 'ಶಮಂತ್, ವರದಿ. ಮೂರನೇ ಉಬ್ಬಿನ ಮುಂಚೆ ಏಳು. ಕೆಂಪು ಕಂಬ ಕಾಣ್ತಿಲ್ಲ. ಆಚೆ ಗಾಜು, ಹಳ್ಳ ಇದೆ. ಮುದ್ದೆ ಬಿಚ್ಚು. ನಾನು ಎದ್ದೆ. ಎದ್ದಿದ್ದಕ್ಕೇ ಉಳ್ಕೊಂಡೆ. ನಿಂಗೆ ಸೀದಾ ಬಾ ಅಂದೆ. ನಿಮ್ಮಮ್ಮನ ದನಿಯಲ್ಲಿ ಅಂದೆ.'

ಅಡುಗೆಮನೆಯಲ್ಲಿ ಕೊನೆಯ ರೊಟ್ಟಿ ಹಂಚಿನ ಮೇಲೇ ಉಳಿದು ಸೀಯುವ ವಾಸನೆ ಬರುತ್ತಿತ್ತು. ವೈದೇಹಿ ಅದರ ಕಡೆ ಹೋಗಲಿಲ್ಲ. ಅವರು ಅಚಿಂತ್ಯನನ್ನು, ತಾವು ಹೆಣೆದ ಟೋಪಿಯನ್ನು, ಫ್ರಿಜ್ಜಿನ ಮೇಲಿನ ಮೂರು ಫೋಟೋಗಳನ್ನು, ಮತ್ತೆ ಟೋಪಿಯನ್ನು ನೋಡಿದರು. ಹುಡುಗರು ಪ್ರೀತಿಯಿಂದ ಹಾಕಿಕೊಂಡದ್ದಲ್ಲ ಎಂಬುದು ಅವರ ಮುಖದ ಮೇಲೆ ಮೊದಲು ಇಳಿಯಿತು. ಅದರ ಹಿಂದೆಯೇ ಇನ್ನೊಂದು ಇಳಿಯುತ್ತಿತ್ತು. 'ನನ್ನ ದನೀಲೆ?' ಎಂದರು. ಮಕ್ಕಳ ವಾರ್ಡಿನಲ್ಲಿ ಎಲ್ಲಿ ನೋವು ಎಂದು ಕೇಳುವಷ್ಟೇ ಮೆಲ್ಲಗೆ.

ಅಚಿಂತ್ಯ ಮೊಬೈಲು ತೆಗೆದ. ಬೆಳಗಿನ ಇಂಗ್ಲಿಷನ್ನು ಅಳಿಸಿ, ಹಿಟ್ಟಿನ ಬೆರಳಿನಲ್ಲಿ ಹೊಸದನ್ನು ಟೈಪ್ ಮಾಡಿ, ಓದದೆ ಕಳಿಸಿದ. ನಾಲ್ಕು ಗಂಟೆ ಐವತ್ತೊಂದು ನಿಮಿಷ. ಅದರಿಂದ ಏನೂ ಹಗುರವಾಗಲಿಲ್ಲ. ಉತ್ತರಕ್ಕೆ ಕಾಯಬೇಕಾದದ್ದು ಅಲ್ಲಿಂದಲ್ಲ. ಅವನು ಶಮಂತ್‌ನ ಕೈಯನ್ನು ನೋಡುತ್ತ ನಿಂತ. ಬಲಗೈ ಕುರ್ಚಿಯ ತೋಳಿನ ಮೇಲಿತ್ತು, ಬೆರಳುಗಳು ತುಸು ಮಡಿಚಿಕೊಂಡು. ತೋರುಬೆರಳು ಮೇಲೆದ್ದಿತು. ಎತ್ತಿದ ಬೆರಳು ಬಹಳ ಹೊತ್ತು ಗಾಳಿಯಲ್ಲಿ ನಿಂತು, ತೋಳಿನ ಪ್ಲಾಸ್ಟಿಕ್ಕಿನ ಮೇಲೆ ಬಿತ್ತು.

ಟಕ್.

ಎರಡನೆಯದಕ್ಕೆ ಕಾದ. ಬರಲಿಲ್ಲ. ಶಮಂತ್ ಅವನನ್ನೇ ನೋಡುತ್ತಿದ್ದ, ಸ್ಟಾರ್ಟ್ ಗೇಟಿನಲ್ಲಿ ಕೋಲೂರಿ ಬಾಗಿ ನಿಂತವನ ಕಣ್ಣಿನಿಂದ.

ಕುಲಾವಿಯೊಳಗೆ ಅಚಿಂತ್ಯನ ಕಿವಿಗೆ ತನ್ನ ಉಸಿರೇ ಗಾಳಿಯ ಹಾಗೆ ಕೇಳುತ್ತಿತ್ತು. 'ಶಮಂತ್, ವರದಿ,' ಎಂದು ಮೊದಲಿನಿಂದ ಶುರುಮಾಡಿದ. 'ಮೂರನೇ ಉಬ್ಬಿನ ಮುಂಚೆ ಏಳು.'